ಸಂಡೂರಿನಲ್ಲಿ ಹಾರಿದ ಮಿರ್ಚಿ

ನೀವು ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನನಗೆ ಬಾಯಿ ಒಣಗುತ್ತದೆ. ಬ್ಯಾಂಕಿನವರು, ಮೇಷ್ಟ್ರು, ಕಂಡಕ್ಟರು ಒಂದೇ ಮಾತಿನಲ್ಲಿ ಉತ್ತರ ಮುಗಿಸಿ ನೆಮ್ಮದಿಯಾಗಿರುತ್ತಾರೆ. ನಾನು ಮಾತ್ರ ಕಾಗದ, ಪೆನ್ನು ಹುಡುಕಬೇಕು. ವಿಮಾನ ಹಾರುವುದಕ್ಕಿಂತ ಎಷ್ಟೋ ಮೇಲೆ, ಬಿಸಿಲಿನ ಹೊಡೆತಕ್ಕೆ ಗಾಳಿ ಒಡೆದು ವಿದ್ಯುತ್ ಕಣಗಳು ಅಲೆಯುತ್ತಿರುತ್ತವೆ. ಯಾವ ಎತ್ತರದಲ್ಲಿ ಅವು ಎಷ್ಟಿವೆ ಎಂದು ಅಳೆಯಲು ಕಡಲ ದಂಡೆಯಿಂದ ಸಣ್ಣ ರಾಕೆಟ್ ಬಿಡುತ್ತೇವೆ. ಅದರ ಮೂತಿಗೆ ಕೂರಿಸುವ ಉಪಕರಣ ನನ್ನದು. ಇಷ್ಟನ್ನು ಹೊಸಪೇಟೆಯ ನಮ್ಮ ಮನೆಯವರಿಗೇ ತಿಳಿಸಲು ನನ್ನಿಂದ ಆಗಿರಲಿಲ್ಲ. ಅವ್ವ ಓಣಿಯವರಿಗೆಲ್ಲ, "ನಮ್ಮ ಹುಡುಗ ಪಟಾಕಿ ಫ್ಯಾಕ್ಟರ್‍ಯಾಗ ಅದಾನ, ಆದ್ರ ಸರ್ಕಾರದ್ದು" ಎನ್ನುತ್ತಿದ್ದಳು.

ಗಣಿಯ ಭರಾಟೆಯ ಆ ವರ್ಷಗಳಲ್ಲಿ ನಮ್ಮ ಕಡೆ ಹೆಣ್ಣು ಸಿಗಬೇಕೆಂದರೆ ಗಂಡಿನ ಹತ್ತಿರ ಲಾರಿ ಇರಬೇಕಿತ್ತು. ನನ್ನ ಹತ್ತಿರ ಇದ್ದದ್ದು ಸೈಕಲ್ಲು. ಬಂದ ಸಂಬಂಧಗಳೆಲ್ಲ ತಪ್ಪಿಹೋದ ಮೇಲೆ ಸೋದರಮಾವ ನನ್ನನ್ನು ಹೆಣ್ಣು ನೋಡಲು ಸಂಡೂರಿಗೆ ಎಳೆದುಕೊಂಡು ಹೋದರು. ಹುಡುಗಿ ಗಿರಿಜಾ. ನನ್ನ ಕೆಲಸದ ವಿವರವನ್ನು ಅವರ ಮನೆಗೆ ಮೊದಲೇ ಬರೆದು ಕಳಿಸಿದ್ದೆ. ಫೋಟೋ ನೋಡಿಯೇ ನಾನು ಸೋತಿದ್ದೆ, ಇದೊಂದು ತಪ್ಪದಿದ್ದರೆ ಸಾಕೆಂದು ಬಸ್ಸಿನುದ್ದಕ್ಕೂ ಬೇಡಿಕೊಂಡಿದ್ದೆ. ಅವಳಪ್ಪ ಬಸಣ್ಣನವರದು ಅದಿರು ಸಾಗಿಸುವ ಲಾರಿಗಳು. ಆ ಊರಲ್ಲಿ ಟವಲಿನಿಂದ ಕೆಂಪು ಧೂಳು ಬಡಿಯದೆ ಯಾರೂ ಕುರ್ಚಿಯ ಮೇಲೆ ಕೂರುವುದಿಲ್ಲ. ನಾನು ಬಿಳಿ ಪ್ಯಾಂಟಿನಲ್ಲಿ ಠೀವಿಯಿಂದ ಕೂತೇಬಿಟ್ಟೆ. "ಆಕಾಶದಾಗಿನ ಕಣ ಅಳೀತಾರಂತ, ಕುರ್ಚಿ ಮ್ಯಾಲಿಂದು ಕಾಣಲಿಲ್ಲೇನು?" ಎಂದು ಒಳಗಿನಿಂದ ಹೆಣ್ಣುದನಿಯೊಂದು ನಕ್ಕಿತು. ಅದು ಗಿರಿಜಾಳದೇ ಎಂದು ಆಮೇಲೆ ತಿಳಿಯಿತು.

"ನಿಮ್ಮ ರಾಕೆಟ್ ಏನ್ ಮಾಡ್ತದ, ಸ್ವಲ್ಪ ತಿಳಿಸಿ ಹೇಳ್ರಿ" ಎಂದರು ಬಸಣ್ಣ. ಮುಂದೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ, ಚಹಾ ಇದ್ದವು. ಮಂಡಕ್ಕಿಯನ್ನು ವಿದ್ಯುತ್ ಕಣ ಮಾಡಿದೆ, ಮಿರ್ಚಿಯನ್ನು ರಾಕೆಟ್ ಮಾಡಿದೆ. "ಮೂತಿಗೆ ಕಣ ತಾಗಿದ್ರ ಸಣ್ಣ ಕರೆಂಟ್ ಹರೀತದ್ರಿ. ಅದರ ಲೆಕ್ಕ ರೇಡಿಯೋದಾಗ ಕೆಳಗ ಬರ್ತದ" ಎನ್ನುತ್ತ ಮಿರ್ಚಿಯನ್ನು ಮಂಡಕ್ಕಿಯೊಳಗಿಂದ ಮೇಲೇರಿಸಿದೆ. ಬಸಣ್ಣನವರು ಬಾಯಿ ತೆರೆದು ನೋಡುತ್ತಿದ್ದರು. ನನಗೆ ಹುರುಪು ನೆತ್ತಿಗೇರಿತು. "ಆಮ್ಯಾಲ ಸೀದಾ ಸಮುದ್ರಕ್ಕ!" ಎಂದು ಮಿರ್ಚಿಯನ್ನು ಅವರ ಚಹಾದೊಳಗೆ ಬಿಟ್ಟೆ. ಸೋದರಮಾವ ಕಣ್ಣು ಮುಚ್ಚಿಕೊಂಡರು.

ಬಸಣ್ಣ ಚಹಾವನ್ನೇ ನೋಡಿದರು. "ತಿರುಗಿ ಬರಂಗಿಲ್ಲೇನ್ರಿ?"

"ಇಲ್ರಿ."

"ಗಾಡಿ ಪೂರಾ ಹೋತು?"

"ಪೂರಾ ಹೋತ್ರಿ."

"ನಿಮಗ ಯಾರೂ ಬೈಯಂಗಿಲ್ಲ?"

"ಇಲ್ರಿ, ಎಲ್ಲಾರೂ ಚಪ್ಪಾಳಿ ಹೊಡೀತಾರ."

ಅವರು ಸೋದರಮಾವನನ್ನು ಕರೆದುಕೊಂಡು ಒಳಗೆ ಹೋದರು. ನಾನು ತಟ್ಟೆಯಲ್ಲಿ ಉಳಿದ ಮಂಡಕ್ಕಿ ಎಣಿಸುತ್ತ ಕೂತೆ. ಹೊರಗೆ ಬಂದವರ ಕೈಯಲ್ಲಿ ಒಪ್ಪಿಗೆಯ ಸಕ್ಕರೆ ಇತ್ತು! ವಾಪಸ್ ಬರುವಾಗ ಬಸ್ಸಿನಲ್ಲಿ ನಾನು, ವಿಜ್ಞಾನವನ್ನು ಸರಳವಾಗಿ ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ ಎಂದು ಭಾಷಣ ಬಿಗಿದೆ.

"ಸುಮ್ನಿರಲೇ" ಎಂದರು ಸೋದರಮಾವ. "ಅವರು ಹೆಂಡ್ತಿಗೆ ಏನಂದ್ರು ಗೊತ್ತೇನು? 'ನಮ್ಮ ಲಾರಿ ತಗ್ಗಿಗೆ ಬಿದ್ರ ಡ್ರೈವರ್ ನೌಕರಿ ಹೋಗ್ತದ. ಇವರು ಗಾಡಿನೇ ಸಮುದ್ರಕ್ಕ ಹಾಕಿದ್ರೂ ಪಗಾರ ಕೊಡ್ತಾರಂತ. ಇಷ್ಟು ಗಟ್ಟಿ ನೌಕರಿ ಎಲ್ಲಿ ಸಿಗ್ತದ? ಹುಡುಗೀನ ಕೊಟ್ಟುಬಿಡೋಣು.'"

ಮದುವೆಯಾಯಿತು. ರಜೆ ಮುಗಿಸಿ ಗಿರಿಜಾಳೊಂದಿಗೆ ಕೆಲಸದ ಊರಿಗೆ ಹೋದ ಮೇಲೆ ಹಾರಿಸಿದ ಮೊದಲ ರಾಕೆಟ್ಟಿನಲ್ಲೇ ನನ್ನ ಉಪಕರಣ ಒಂದು ಕಣವನ್ನೂ ಅಳೆಯದೆ ಸಮುದ್ರ ಸೇರಿತು. ಸಾಹೇಬರು ಎಲ್ಲರೆದುರು ನನ್ನ ನೀರಿಳಿಸಿದರು. ಸಂಜೆ ಬಸಣ್ಣನವರ ಫೋನು ಬಂತು.

"ಅಳಿಯಂದ್ರ, ಗಾಡಿ ಬಿತ್ತೇನ್ರಿ?"

"ಬಿತ್ರಿ."

"ಚಪ್ಪಾಳಿ ಹೊಡದ್ರೇನು?"

ಪಕ್ಕದಲ್ಲೇ ಗಿರಿಜಾ ನಿಂತಿದ್ದಳು. "ಹೊಡದ್ರು ಮಾವಾರ" ಎಂದೆ, "ಭಾಳ ಜೋರು ಹೊಡದ್ರು."