ರಾಮಯ್ಯನವರ ಗೆರೆಯೂ ಬಿರಿಯಾನಿಯ ಕೆಂಡವೂ

"ಬೀಗರು ಊಟಕ್ಕೆ ಬರೋದ್ರೊಳಗೆ ನಿನ್ನ ಚಿತ್ರ ಬರ್ದು ಹಾಲ್‌ನಲ್ಲಿ ನೇತಾಕದಿದ್ರೆ ನಾನು ರಾಮಯ್ಯನೇ ಅಲ್ಲ ಕಣೇ!"

ಹಾನುಬಾಳಿನ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆದೂ ಬರೆದೂ ನಿವೃತ್ತರಾದ ರಾಮಯ್ಯನವರು ಹೀಗೆ ಶಪಥ ಮಾಡಿದಾಗ, ಹೆಂಡತಿ ಗಂಗಾಮಣಿ ಬೆಳ್ಳುಳ್ಳಿ ಬಿಡಿಸುತ್ತಾ, "ಮೊದ್ಲು ಸೋರೋ ನಲ್ಲಿ ರಿಪೇರಿ ಮಾಡ್ಸಿ. ಆಮೇಲೆ ನನ್ನ ನೇತಾಕೋರಂತೆ" ಎಂದರು.

ಅರವತ್ತು ದಾಟಿದ ಮೇಲೆ ರಾಮಯ್ಯನವರಿಗೆ ಕಲೆ ಒಲಿದದ್ದು ಮೊಬೈಲಿನಲ್ಲಿ. ವಿಡಿಯೋದ ಮೇಷ್ಟ್ರು ಹೇಳಿದ್ದು ಇಷ್ಟೇ: ಕಣ್ಣು ಮೂಗು ಮರೆತುಬಿಡಿ. ಅರ್ಧ ನಿಮಿಷದಲ್ಲಿ, ಕೈ ಎತ್ತದೆ, ಮೈಯ ಭಂಗಿಯನ್ನು ಒಂದೇ ಗೆರೆಯಲ್ಲಿ ಹಿಡಿಯಿರಿ. ಅದಕ್ಕೆ ಇದ್ದಿಲೇ ಶ್ರೇಷ್ಠ! ಅಂದಿನಿಂದ ಕೋಳಿ, ನಾಯಿ, ಹಾಲಿನವನು, ಯಾರನ್ನೂ ಅವರು ಬಿಡಲಿಲ್ಲ. ಕಾಗದದ ಮೇಲೆ ಮೂವರೂ ಒಂದೇ ಥರ ಕಾಣುತ್ತಿದ್ದರು, ಅಷ್ಟೇ. ಗಂಗಾಮಣಿಯೋ, ಚಿತ್ರವೆಂದರೆ ಪೌಡರ್ ಬಳಿದು, ರೇಷ್ಮೆ ಸೀರೆ ಉಟ್ಟು, ಆಧಾರ್ ಕಾರ್ಡಿನ ಫೋಟೋಗೆ ಕೂತಂತೆ ಕೂರುತ್ತಿದ್ದರು.

"ಸ್ವಲ್ಪ ಅಲ್ಲಾಡೇ!"

"ಅಲ್ಲಾಡಿದ್ರೆ ಚಿತ್ರ ಕೆಟ್ಟೋಗಲ್ವೇನ್ರೀ?"

ಬೀಗರ ಭಾನುವಾರ ಬಂದೇಬಿಟ್ಟಿತು. ಮಗಳು ಶ್ರುತಿಯ ಅತ್ತೆ, ಕುಂದೂರಿನ ಚೆಲುವಮ್ಮ, ಹೋದ ಮನೆಯ ಸಾರಿಗೆಲ್ಲ ಮಾರ್ಕು ಹಾಕುವ ಹೆಂಗಸು. ಮದುವೆಯಾದ ಮೇಲೆ ಊಟಕ್ಕೆ ಬರುತ್ತಿರುವುದು ಇದೇ ಮೊದಲು. ಗಂಗಾಮಣಿಯ ಮಾನವೆಲ್ಲ ಅಂದು ಬಿರಿಯಾನಿ ಪಾತ್ರೆಯೊಳಗಿತ್ತು. ಹಿತ್ತಲ ಒಲೆಯ ಮೇಲೆ ಪಾತ್ರೆಯಿಟ್ಟು, ಬಾಯಿಗೆ ಹಿಟ್ಟು ಮೆತ್ತಿ, ದಮ್ಮಿಗೆಂದು ಮುಚ್ಚಳದ ಮೇಲೆ ಕೆಂಡ ಸುರಿದು, "ಪಾತ್ರೆ ಯಾರೂ ಮುಟ್ಟಂಗಿಲ್ಲ!" ಎಂದು ಕಟ್ಟಪ್ಪಣೆ ಮಾಡಿ ಸ್ನಾನಕ್ಕೆ ಹೋದರು.

ರಾಮಯ್ಯನವರ ಇದ್ದಿಲು ಅಂದೇ ಮುಗಿಯಬೇಕೆ! ಕಣ್ಣೆದುರಿಗೆ ಕಾಫಿ ಗಿಡದ ಕಡ್ಡಿಯ ಕೆಂಡ. ನೆಟ್ಟಗೆ, ಸಪೂರವಾಗಿ, ಬೆರಳುದ್ದ! ಮುಟ್ಟಬಾರದ್ದು ಪಾತ್ರೆ ತಾನೇ? ಇಕ್ಕಳದಲ್ಲಿ ಒಂದನ್ನೆತ್ತಿ ನೀರಿಗೆ ಹಾಕಿದರು. ಚುಂಯ್! ಮುರಿದುಹೋಯಿತು. ಇನ್ನೊಂದು. ಅದೂ ಮುರಿಯಿತು. ಒಳ್ಳೆಯದೊಂದು ಸಿಗುವಷ್ಟರಲ್ಲಿ ಮುಚ್ಚಳದ ಮೇಲೆ ಬೂದಿ ಮಾತ್ರ ಉಳಿದಿತ್ತು. ಕೆಳಗೆ ಬೆಂಕಿ ಐತಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಬೀಗರು ಎಲೆಯ ಮುಂದೆ ಕೂತ ಮೇಲೆ ಗಂಗಾಮಣಿ ಮುಚ್ಚಳ ತೆಗೆದರು. ಮೇಲಿನ ಅನ್ನ ಇನ್ನೂ ಅಕ್ಕಿಯಾಗಿಯೇ ಇತ್ತು!

"ರೀ! ಮುಚ್ಚಳದ ಕೆಂಡ ಎಲ್ರೀ?"

ರಾಮಯ್ಯನವರ ಕೈ ಕಪ್ಪು, ಮೂಗೂ ಕಪ್ಪು. ಗಂಗಾಮಣಿ ಸೆರಗು ಸಿಕ್ಕಿಸಿ, ಒಂದು ಕಾಲು ಮುಂದಿಟ್ಟು, ಸೌಟು ಎತ್ತಿದರು. ಅಬ್ಬಬ್ಬಾ, ಎಂಥ ಭಂಗಿ! ಓಡಬೇಕಾದ ಮನುಷ್ಯ ಅಲ್ಲೇ ಕೂತು ಗೀಚಿಬಿಟ್ಟರು. ಹಿಮ್ಮಡಿಯಿಂದ ಸೌಟಿನ ತುದಿಯವರೆಗೆ ಒಂದೇ ಗೆರೆ!

ಗಲಾಟೆ ಕೇಳಿ ಎದ್ದು ಬಂದ ಚೆಲುವಮ್ಮ ಕಾಗದ ನೋಡಿದರು. "ಅಯ್ಯೋ, ನಮ್ ಬೀಗಿತ್ತಿನೇ! ಹಂಗೇ ಅವ್ರೆ!"

ಗಂಗಾಮಣಿಗೆ ಅಳುವೇ ಬಂತು. "ಅನ್ನ ಬೆಂದಿಲ್ಲ ಅಕ್ಕಾ. ನಿಮ್ಮುಂದೆ ಮರ್ಯಾದೆ ಹೋಗ್ಬುಡ್ತು."

"ಸುಮ್ನಿರು ಮಾರಾಯ್ತಿ! ನಮ್ಮನೆಯವ್ರು ಕೊಳಲು ಕಲೀತೀನಿ ಅಂತ ನನ್ನ ಊದುಕೊಳವೆಗೇ ತೂತು ಹೊಡ್ದ್ಬುಟ್ರು. ಕೆಂಡ ತಗಂಬಾ, ಇನ್ನೊಂದ್ಸಲ ದಮ್ ಕೊಡಾಣ." ಚೆಲುವಮ್ಮ ತಾವೇ ಒಲೆಯ ಮುಂದೆ ಕೂತರು. ಊಟ ತಡವಾಯಿತು, ಆದರೆ ಪಾತ್ರೆ ತಳ ಕಂಡಿತು.

ಬೀಗರು ಹೋದ ಮೇಲೆ ಗಂಗಾಮಣಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಮದ್ವೆಯಾಗಿ ಇಷ್ಟು ವರ್ಷಕ್ಕೆ ಇವತ್ತು ನನ್ನ ನೆಟ್ಟಗೆ ನೋಡಿದ್ರಿ ಕಣ್ರೀ" ಎಂದರು. ದನಿ ಮೆತ್ತಗಿತ್ತು. ರಾಮಯ್ಯನವರ ಎದೆ ಉಬ್ಬಿತು. ಮೊಳೆ, ಸುತ್ತಿಗೆ ಹಿಡಿದು ಹಾಲ್‌ಗೆ ನುಗ್ಗಿದರು.

"ಅಲ್ಲಲ್ಲ! ಹಿತ್ತಲ ಒಲೆ ಹತ್ರ ಹೊಡೀರಿ."

"ಒಲೆ ಹತ್ರ ಯಾಕೇ?"

"ನಾನು ಸ್ನಾನಕ್ಕೋದಾಗ ಕೆಂಡ ಕಾಯಾಕೆ ಯಾರಾರ ಬೇಕಲ್ರೀ!"