ನಕ್ಷೆಯಲ್ಲಿ ಸಮುದ್ರಕ್ಕೆ ನಂಬರ್ ಕೊಡದೇ ಇದ್ದ ಬಗ್ಗೆ

ಕೊಚ್ಚಿಯ ದೋಣಿಕಟ್ಟೆಯ ಪಕ್ಕದ ಕಿಟಕಿಯಲ್ಲಿ ಕೂತು ಪ್ರವಾಸಿಗರಿಗೆ ನಕ್ಷೆ ಹಂಚುವ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಿಂದ, ಮೂವತ್ಮೂರು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಬೋಧಿಸಿ ಕಳೆದ ವರ್ಷ ನಿವೃತ್ತನಾದ ಕಾಟಲಿಂಗಪ್ಪನೆಂಬ ನಾನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರವನ್ನು ತಾವು ಮೊದಲು ಸ್ವೀಕರಿಸಬೇಕು. ತಾವೂ, ತಮ್ಮ ಮನೆಯವರೂ, ತಮ್ಮ ಕಿಟಕಿಯೊಳಗೆ ತಮ್ಮತ್ತ ಮಾತ್ರ ತಿರುಗುವ ಆ ಸಣ್ಣ ಫ್ಯಾನೂ ಕ್ಷೇಮವೆಂದು ಭಾವಿಸುತ್ತೇನೆ. ಸಂಕ್ರಾಂತಿಯಾದ ಮರುವಾರ ತಾವು ನನ್ನ ಕೈಗಿತ್ತ ಬಣ್ಣದ ನಕ್ಷೆಯ ವಿಚಾರದಲ್ಲಿ ಒಂದು ದೂರು ಸಲ್ಲಿಸುವುದಿದೆ. ದೂರು ಯಾರ ಮೇಲೆ ಎಂಬುದು ಬರೆಯುತ್ತಾ ಹೋದಂತೆ ನನಗೇ ಸ್ವಲ್ಪ ಗೊಂದಲವಾಗಿದೆ. ತಾವು ವಿವೇಚಿಸಿ ಸರಿಯಾದ ವಿಳಾಸಕ್ಕೆ ರವಾನಿಸಿಕೊಳ್ಳಬೇಕು.

ಮೊದಲಿಗೆ ನನ್ನ ಅಕ್ಕನ ವಿಷಯ ಹೇಳಬೇಕು. ಬರಗೇರಮ್ಮ ಎಂದು ಹೆಸರು. ನನಗಿಂತ ಆರು ವರ್ಷ ದೊಡ್ಡವಳು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ನನ್ನನ್ನು ಶಾಲೆ ಬಿಡಿಸಿ ಕುರಿ ಹಿಂದೆ ಕಳಿಸಲು ನಿರ್ಧರಿಸಿದ್ದ. ಆಗ ಆಕೆ ಹಟ್ಟಿಯ ಮುಂದೆ ನಿಂತು, "ಅವನ ಪಾಲಿನ ಕುರಿನೂ ನಾನೇ ಕಾಯ್ತೀನಿ, ಅವನು ಓದ್ಲಿ ಬಿಡು" ಅಂದಳು. ಅಂದವಳು ಕಾದಳು. ಸಂಜೆ ನಾನು ಬಂಡೆಯ ಮೇಲೆ ಕೂತು ಅಂದಿನ ಪಾಠವನ್ನು ಆಕೆಗೆ ಒಪ್ಪಿಸುತ್ತಿದ್ದೆ. ಭೂಮಿಯ ಮುಕ್ಕಾಲು ಪಾಲು ನೀರು, ಅದೂ ಉಪ್ಪುನೀರು ಎಂದು ಓದಿದ ದಿನ ಆಕೆ ನಂಬಲೇ ಇಲ್ಲ. ನಮ್ಮಲ್ಲಿ ಕುರಿಗಳಿಗೆ ನೆಕ್ಕಿಸಲು ಉಪ್ಪನ್ನು ಸಂತೆಯಿಂದ ಹೊತ್ತು ತರಬೇಕು; ಅಷ್ಟೊಂದು ಉಪ್ಪು ಒಂದು ಕಡೆ ಸುಮ್ಮನೆ ಬಿದ್ದಿರುತ್ತದೆ ಎಂದರೆ ಯಾರು ನಂಬುತ್ತಾರೆ? "ನೌಕ್ರಿ ಬಂದ್ಮೇಲೆ ನಿನ್ನ ಕರ್ಕೊಂಡೋಗಿ ತೋರಿಸ್ತೀನಿ ಅಕ್ಕಾ" ಎಂದು ಹತ್ತು ವರ್ಷದ ನಾನು ಮಾತು ಕೊಟ್ಟೆ.

ನೌಕರಿ ಬಂತು. ಮಾತು ನಡೆಸಲು ಮಾತ್ರ ಐವತ್ತೊಂದು ವರ್ಷ ಹಿಡಿಯಿತು. ನಡುವೆ ಜನಗಣತಿ ಇತ್ತು, ಚುನಾವಣೆ ಡ್ಯೂಟಿ ಇತ್ತು, ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವುದಿತ್ತು; ಮದುವೆಯಾಗಿ ಬಿ.ದುರ್ಗಕ್ಕೆ ಹೋದ ಮೇಲೂ ಕುರಿ ಬಿಡದ ಅಕ್ಕ ವರ್ಷಕ್ಕೊಮ್ಮೆ "ಯಾವಾಗ ಹೋಗಾಣ?" ಎಂದು ಕೇಳಿದಾಗಲೆಲ್ಲ ಇವುಗಳಲ್ಲಿ ಒಂದು ನನ್ನ ಕೈಗೆ ಸಿಗುತ್ತಿತ್ತು. ನಿಜವಾದ ಕಾರಣವನ್ನು ತಮಗೆ ಮಾತ್ರ, ಗುಟ್ಟಾಗಿ, ಈ ಬಹಿರಂಗ ಪತ್ರದಲ್ಲಿ ತಿಳಿಸುತ್ತೇನೆ. ಸಮುದ್ರವನ್ನು ನಾನೂ ನೋಡಿರಲಿಲ್ಲ. ಮೂವತ್ಮೂರು ವರ್ಷ ನೀಲಿ ಸೀಮೆಸುಣ್ಣದಲ್ಲಿ ಅಲೆ ಬರೆದು, ಉಬ್ಬರ ಇಳಿತಗಳನ್ನು ಬಾಣದ ಗುರುತು ಹಾಕಿ ವಿವರಿಸಿ, ಚೈತ್ರಾ ಎಂಬ ವಿದ್ಯಾರ್ಥಿನಿ ಎದ್ದುನಿಂತು "ನೀವು ನೋಡಿದೀರಾ ಸಾರ್?" ಎಂದು ಕೇಳಿದಾಗ "ಎಷ್ಟು ಸಲ!" ಎಂದು ಉತ್ತರಿಸಿದ ಮಹಾನುಭಾವ ನಾನು. ಅಕ್ಕನ ಪಕ್ಕ ನಿಂತು ಮೊದಲ ಸಲ ನೋಡುವಾಗ ನನ್ನ ಬಾಯಿ ತೆರೆದುಕೊಂಡುಬಿಟ್ಟರೆ ಗತಿಯೇನು ಎಂಬ ಭಯದಲ್ಲೇ ಐವತ್ತು ವರ್ಷ ಕಳೆದೆ.

ಕೊನೆಗೆ ಕುರಿಗಳನ್ನು ಅಕ್ಕನ ಮಗ ರಂಗೇಶನ ವಶಕ್ಕೆ ಬಿಟ್ಟು ಅಕ್ಕನೂ, ನನ್ನ ಹೆಂಡತಿ ಪಾಲಮ್ಮನೂ, ನಾನೂ ಎರಡು ದಿನಕ್ಕೆಂದು ತಮ್ಮ ಐತಿಹಾಸಿಕ ನಗರಕ್ಕೆ ಬಂದು ರೈಲಿಳಿದೆವು. ತಾವು ಕಿಟಕಿಯಿಂದ ನಕ್ಷೆ ನೀಡಿದಿರಿ. ಏನು ನಕ್ಷೆ ಸ್ವಾಮಿ ಅದು! ಇಗರ್ಜಿ, ಅರಮನೆ, ಡಚ್ಚರ ಗೋರಿಗಳು, ಮಸಾಲೆಯ ಮಂಡಿ, ಕೋಟೆಯ ಅಳಿದುಳಿದ ಗೋಡೆ, ಹೀಗೆ ಹದಿನೇಳು ಸ್ಥಳಗಳು. ಒಂದೊಂದಕ್ಕೂ ಕೆಂಪು ವೃತ್ತದೊಳಗೆ ನಂಬರು, ಪಕ್ಕದಲ್ಲಿ ಇಸವಿ. ಇಂಥ ಶಿಸ್ತನ್ನು ಕಂಡರೆ ಮೇಷ್ಟರಾದವನಿಗೆ ಕಣ್ಣು ತುಂಬುತ್ತದೆ. ಮೊದಲ ದಿನ ಒಂಬತ್ತು, ಎರಡನೇ ದಿನ ಎಂಟು ಎಂದು ಅಲ್ಲೇ ನಿಂತು ಪಾಠಯೋಜನೆ ಹಾಕಿಬಿಟ್ಟೆ.

ದೋಣಿ ಹತ್ತಿದ ಕೂಡಲೇ ಅಕ್ಕ, "ಇದೇನಾ ಸಮುದ್ರ? ಮಾರಿಕಣಿವೆ ಡ್ಯಾಮ್ ಇದ್ದಂಗೈತೆ" ಅಂದಳು. ಇದು ಹಿನ್ನೀರು, ಇದನ್ನೇ ನೋಡಿ ಆಸೆ ತೀರಿಸಿಕೊಳ್ಳಬೇಡ ಎಂದು ಆಕೆಯ ಭುಜ ಹಿಡಿದು ಊರಿನ ಕಡೆ ತಿರುಗಿಸಿ ಕೂರಿಸಿದೆ. ಅಲ್ಲಿಂದ ಮುಂದೆ ಒಂದೊಂದು ಸ್ಥಳದಲ್ಲೂ ನಲವತ್ತು ನಿಮಿಷದ ಪೀರಿಯಡ್. ಪೋರ್ಚುಗೀಸರು ಏಕೆ ಬಂದರು, ಡಚ್ಚರು ಅವರನ್ನು ಹೇಗೆ ಓಡಿಸಿದರು ಎಂದು ನಾನು ಗೋಡೆಗೆ ಬೆನ್ನು ಕೊಟ್ಟು ಹೇಳುತ್ತಿದ್ದರೆ ಪಾಲಮ್ಮ ಕಿತ್ತುಹೋದ ಚಪ್ಪಲಿಯ ಉಂಗುಷ್ಠಕ್ಕೆ ಪಿನ್ನು ಸಿಕ್ಕಿಸುತ್ತಿದ್ದಳು. ಅಕ್ಕ ಮೆಟ್ಟಿಲ ಮೇಲೆ ಕೂತು, ಪಾಠ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಕಾಟಲಿಂಗ, ಇಲ್ಲಿಂದ ಸಮುದ್ರ ಎಷ್ಟು ದೂರ ಐತೋ?"

ಆರನೇ ಸಲ ಕೇಳಿದಾಗ ಗೋರಿಗಳ ಮುಂದೆ ನಕ್ಷೆ ಬಿಡಿಸಿ ಹುಡುಕಿದೆ. ಮಾನ್ಯರೇ, ನನ್ನ ದೂರಿನ ತಿರುಳು ಇದೇ. ಸಮುದ್ರ ತಮ್ಮ ನಕ್ಷೆಯ ಅರ್ಧ ಜಾಗ ಹಿಡಿದಿದೆ. ನೀಲಿ ಬಣ್ಣಕ್ಕೂ ಕೊರತೆಯಿಲ್ಲ. ಒಂದು ಮೂಲೆಯಲ್ಲಿ ಹಾಯಿದೋಣಿಯ ಚಿತ್ರವೂ ಇದೆ. ನಂಬರು ಮಾತ್ರ ಇಲ್ಲ. ನಂಬರಿಲ್ಲದ್ದನ್ನು ನೋಡುವುದು ಹೇಗೆ? ಆದರೂ ಅಕ್ಕನ ಮೇಲಿನ ಪ್ರೀತಿಯಿಂದ, ನಿಯಮ ಸಡಿಲಿಸಿ, ನಾನೇ ಪೆನ್ಸಿಲಿನಲ್ಲಿ ಹದಿನೆಂಟು ಎಂದು ಬರೆದು, ಎರಡನೇ ದಿನ ಸಂಜೆ ಐದೂ ನಲವತ್ತರಿಂದ ಆರರವರೆಗೆ ಸಮುದ್ರಕ್ಕೆ ಇಪ್ಪತ್ತು ನಿಮಿಷ ಮಂಜೂರು ಮಾಡಿದೆ. ಅಕ್ಕ ಏನೂ ಹೇಳಲಿಲ್ಲ. ಕುರಿ ಕಾಯುವವರು ಸುಮ್ಮನಾದರೆ ಹುಷಾರಾಗಿರಬೇಕು ಎಂಬುದನ್ನು ನಾನು ಓದಿನ ಗದ್ದಲದಲ್ಲಿ ಮರೆತಿದ್ದೆ.

ಮರುದಿನ ಬೆಳಿಗ್ಗೆ ಆರೂವರೆಗೆ ಎದ್ದರೆ ಅಕ್ಕನ ಹಾಸಿಗೆ ಖಾಲಿ. ಕಂಬಳಿ ಮಡಿಚಿಟ್ಟಿದೆ, ಊರಿನಿಂದ ಹಿಡಿದು ಬಂದಿದ್ದ ಕೋಲೂ ಇಲ್ಲ. ಆಕೆಯ ಬಳಿ ಫೋನಿಲ್ಲ, ಅಲ್ಲಿಯ ಭಾಷೆಯ ಒಂದಕ್ಷರ ಬಾರದು, ಇಳಿದುಕೊಂಡ ಲಾಡ್ಜಿನ ಹೆಸರೂ ಗೊತ್ತಿಲ್ಲ. ಪಾಲಮ್ಮ ತಲೆಗೂದಲು ಗಂಟು ಹಾಕಿಕೊಳ್ಳುತ್ತಾ, "ಸಮುದ್ರದ ಕಡೆ ಹೋಗಿರ್ತಾರೆ, ಬರ್ರಿ" ಅಂದಳು. ಅದು ಸಂಜೆಗೆ ಅಲ್ಲವೇ ಇರುವುದು ಎಂದು ಆ ಗಾಬರಿಯಲ್ಲೂ ತಿದ್ದಿದ ಕೀರ್ತಿ ನನ್ನದು. ಆಕೆ ನನ್ನನ್ನು ಒಮ್ಮೆ ನೋಡಿ, ಗಾಳಿ ಬೀಸುವ ದಿಕ್ಕಿಗೆ ನಡೆದುಹೋದಳು. ನಾನು ಕಳೆದುಹೋದ ಅಕ್ಕನನ್ನು ತಮ್ಮ ನಕ್ಷೆಯ ಪ್ರಕಾರ ಒಂದನೇ ನಂಬರಿನಿಂದ ಹುಡುಕಲು ಆರಂಭಿಸಿದೆ.

ಒಂದು ಬೀಗ ಹಾಕಿತ್ತು. ಎರಡರಲ್ಲಿ ಒಬ್ಬ ಕಸ ಗುಡಿಸುತ್ತಿದ್ದ. ಅವನಿಗೆ ಕೋಲು, ಸೀರೆ, ಎತ್ತರ ಎಲ್ಲವನ್ನೂ ಕೈಯಲ್ಲಿ ಅಭಿನಯಿಸಿ ತೋರಿಸಿದೆ. ಆತ ನನಗೆ ಚಹಾದಂಗಡಿ ತೋರಿಸಿದ. ಮೂರು, ನಾಲ್ಕು, ಐದು. ಏಳರ ಹತ್ತಿರ ಬರುವಷ್ಟರಲ್ಲಿ ನಾನು ಓಡುತ್ತಿದ್ದೆ, ಅಳುತ್ತಲೂ ಇದ್ದೆ ಎಂದು ಬರೆಯಲು ನಾಚಿಕೆಯಿಲ್ಲ. ನನ್ನ ಪಾಲಿನ ಕುರಿ ಕಾದವಳನ್ನು ಗುರುತಿಲ್ಲದ ಊರಿನಲ್ಲಿ ಕಳೆದುಕೊಂಡು ಯಾವ ಮುಖ ಹೊತ್ತು ತಾಳ್ಯಕ್ಕೆ ಹೋಗಲಿ? ಇಡೀ ದಿನ ಸುತ್ತಿದ್ದರಲ್ಲಿ ಆಕೆ ಕೇಳಿದ್ದು ಒಂದೇ ಒಂದು, ಅದನ್ನೇ ಕೊನೆಗೆ ತಳ್ಳಿದ್ದೆ.

ಹನ್ನೊಂದನೇ ನಂಬರು ಚೀನೀ ಬಲೆಗಳು. ಒಂದೂಕಾಲು ಗಂಟೆಯ ನಂತರ ಅಲ್ಲಿ ತಲುಪಿದಾಗ, ನೀರಿನ ಮೇಲೆ ಚಾಚಿದ ಮರದ ಅಟ್ಟದಲ್ಲಿ ಬನಿಯನ್ ತೊಟ್ಟ ಐದು ಮಂದಿ ಹಗ್ಗ ಎಳೆಯುತ್ತಿದ್ದರು. ಆರನೆಯವಳು ನನ್ನ ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಊರಿ, ಅವರ ಲಯಕ್ಕೆ ಸರಿಯಾಗಿ ಹಿಂದಕ್ಕೆ ಬಾಗುತ್ತಿದ್ದಳು; ಕಲ್ಲುಗಳು ಕೆಳಗಿಳಿದಂತೆ ಆ ದೊಡ್ಡ ಬಲೆ ನೀರು ಸುರಿಸುತ್ತಾ ಮೇಲೇಳುತ್ತಿತ್ತು. ಪಾಲಮ್ಮ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದಳು. ಏದುಸಿರು ಬಿಡುತ್ತಾ ನಿಂತ ನನ್ನನ್ನು ನೋಡಿ ಅಕ್ಕ ಕೂಗಿ ಹೇಳಿದಳು: "ಲೇ, ಇದು ಏತ ಕಣೋ! ನಮ್ ಬಾವಿಗ್ ಕಟ್ತಿದ್ದ ಏತ! ನೀರೆತ್ತೋ ಬದ್ಲು ಮೀನೆತ್ತುತಾರೆ ಅಷ್ಟೆ." ಆ ಐವರಲ್ಲಿ ಹಿರಿಯ ತನ್ನ ಭಾಷೆಯಲ್ಲಿ ಏನೋ ಅಂದ, ಈಕೆ ತನ್ನದರಲ್ಲಿ ಏನೋ ಅಂದಳು, ಇಬ್ಬರೂ ನಕ್ಕರು. ದುಭಾಷಿಯಾಗಲು ಮುಂದೆ ಬಂದ ನಾನು ಅನವಶ್ಯಕನೆಂದು ಕಂಡುಬಂತು.

ಅಲ್ಲಿರುವುದು ಅಳಿವೆಯ ಬಾಯಿ, ತಾಂತ್ರಿಕವಾಗಿ ಸಮುದ್ರವಲ್ಲ ಎಂದು ನಾನು ಸ್ಪಷ್ಟೀಕರಣ ನೀಡಿದೆ. "ನೀವು ಸುಮ್ನಿರ್ರಿ" ಎಂದು ಪಾಲಮ್ಮ ಹೇಳಿದ್ದರಿಂದ ಮೂವರೂ ದಡ ಹಿಡಿದು ನಡೆದು, ಗೋಡೆ ಮುಗಿಯುವಲ್ಲಿ ಮರಳಿಗೆ ಇಳಿದೆವು. ಎದುರಿಗೆ ಏನೂ ಇರಲಿಲ್ಲ. ಗುಡ್ಡವಿಲ್ಲ, ಮರವಿಲ್ಲ, ಆಚೆ ದಡವಿಲ್ಲ, ನೀರು ಮಾತ್ರ. ನನ್ನ ಬಾಯಿ, ಐವತ್ತು ವರ್ಷ ಹೆದರಿದ್ದಂತೆಯೇ, ತೆರೆದುಕೊಂಡಿತು. ಅಕ್ಕ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿಕೊಂಡು, ಉಗುಳಿ, "ಉಪ್ಪೇ ಐತೆ ಕಣೋ. ನೀ ಸುಳ್ಳು ಹೇಳಿರ್ಲಿಲ್ಲ" ಅಂದಳು.

"ಅಕ್ಕಾ, ನಾನೂ ಇವತ್ತೇ ನೋಡ್ತಿರೋದು" ಎಂದೆ.

"ಗೊತ್ತಿತ್ ಬಿಡೋ. ಕಣ್ಣಾರೆ ಕಂಡೋರು ಅಷ್ಟೊಂದ್ ಮಾತಾಡಲ್ಲ."

ಉಳಿದ ಆರು ಸ್ಥಳಗಳು ಹಾಗೇ ಉಳಿದವು, ಮಾನ್ಯರೇ. ರೈಲಿನ ಹೊತ್ತಿನವರೆಗೆ ಮೂವರೂ ಅಲ್ಲೇ ಕೂತಿದ್ದೆವು. ಹೆಂಗಸರಿಬ್ಬರೂ ಮೊಣಕಾಲವರೆಗೆ ನೀರಿಗಿಳಿದು ಕೈ ಕೈ ಹಿಡಿದು ಕಿರುಚಿದರು. ಈಗ ಇಳಿತದ ಸಮಯ, ನೀರು ಹಿಂದೆ ಸರಿಯುತ್ತದೆ ಎಂದು ದಡದಲ್ಲಿ ಶೂ ಬಿಚ್ಚಿಟ್ಟು ನಾನು ಬಾಣದ ಗುರುತು ಬರೆಯುತ್ತಿದ್ದಾಗ ಒಂದು ಅಲೆ ಬಂದು ಬಾಣವನ್ನೂ ಎಡಗಾಲಿನ ಶೂವನ್ನೂ ಒಯ್ದಿತು. ಮೂವತ್ಮೂರು ಬ್ಯಾಚಿನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಅಲ್ಲಿರಲಿಲ್ಲ ಎಂಬುದೇ ಸಮಾಧಾನ.

ಆದ್ದರಿಂದ ತಮ್ಮಲ್ಲಿ ವಿನಮ್ರ ಕೋರಿಕೆಯೇನೆಂದರೆ, ಮುಂದಿನ ಮುದ್ರಣದಲ್ಲಿ ಸಮುದ್ರಕ್ಕೆ ಒಂದನೇ ನಂಬರು ಕೊಟ್ಟು ಇಗರ್ಜಿಯಿಂದ ಹಿಡಿದು ಎಲ್ಲವನ್ನೂ ಒಂದೊಂದು ಸ್ಥಾನ ಹಿಂದೆ ಸರಿಸಬೇಕು. ಇಸವಿಯ ಜಾಗದಲ್ಲಿ ಏನು ಬರೆಯುವುದೆಂದು ತೋಚದಿದ್ದರೆ ಖಾಲಿ ಬಿಡಬಹುದು. ಅರವತ್ತು ದಾಟಿದ ಮೇಷ್ಟರು ಯಾರೇ ಕಿಟಕಿಗೆ ಬಂದರೂ, ಜೊತೆಗೆ ಅಕ್ಕ ಇದ್ದಾಳೆಯೇ ಎಂದು ವಿಚಾರಿಸಿ, ಇದ್ದಲ್ಲಿ ನಕ್ಷೆಯನ್ನು ಆಕೆಯ ಕೈಗೆ ಕೊಡಬೇಕು. ಅಲೆಗಳು ಶೂ ಮುಟ್ಟುವ ಮುನ್ನ ಕನ್ನಡದಲ್ಲಿ ಒಮ್ಮೆ ಸೂಚನೆ ನೀಡುವಂತೆ ಸಂಬಂಧಪಟ್ಟವರಿಗೆ ಆದೇಶಿಸಿದರೆ ಇನ್ನೂ ಉಪಕಾರ. ತಮ್ಮ ತಪ್ಪು ಇದರಲ್ಲಿ ಎಷ್ಟು, ನನ್ನದೆಷ್ಟು ಎಂದು ತೂಗಿ ನೋಡಿದರೆ ತಮ್ಮ ಕಡೆಯ ತಟ್ಟೆ ಹಗುರಾಗಿ ಮೇಲೆಯೇ ನಿಲ್ಲುತ್ತದೆ ಎಂಬುದನ್ನು ಬಲ್ಲೆ. ಆದರೂ ನನಗೆ ನಾನೇ ಪತ್ರ ಬರೆದರೆ ಅಂಚೆಯಣ್ಣ ನಗುತ್ತಾನಾದ್ದರಿಂದ ತಮಗೆ ಬರೆದಿದ್ದೇನೆ.

ಕೆಂಪು ವೃತ್ತಗಳನ್ನು ಕಣ್ಣು ಮುಚ್ಚಿ ನಂಬಿದ,
ತಮ್ಮ ವಿಶ್ವಾಸಿ,
ಕಾಟಲಿಂಗಪ್ಪ, ತಾಳ್ಯ

ಮರೆತ ಮಾತು: ಬೆಳಗಿನ ಆ ಗಾಳಿಯಲ್ಲಿ ಬರೀ ಬನಿಯನ್ನಿನಲ್ಲಿ ನಿಂತು ಬಲೆ ಎಳೆಯುವ ಆ ಹಿರಿಯನಿಗೆ ಅಕ್ಕ ತನ್ನ ಕುರಿಗಳ ಉಣ್ಣೆಯಲ್ಲಿ ನೇಯಿಸಿದ ಕರಿ ಕಂಬಳಿಯೊಂದನ್ನು ಕಳಿಸಬೇಕೆಂದು ಕೂತಿದ್ದಾಳೆ. ಹೆಸರಿಲ್ಲದ ಕಟ್ಟನ್ನು ಅಂಚೆಯವರು ತೆಗೆದುಕೊಳ್ಳುವುದಿಲ್ಲ. ತಮ್ಮ ನಕ್ಷೆಯ ಹಿಂಬದಿಯಲ್ಲಿ ಬಲೆಯ ಉದ್ದ, ಅಗಲ, ಕಲ್ಲುಗಳ ಲೆಕ್ಕ ಎಲ್ಲವೂ ಇದೆ, ಎಳೆಯುವವರ ಹೆಸರೊಂದಿಲ್ಲ. ದಯವಿಟ್ಟು ಕಿಟಕಿಯಿಂದ ಎದ್ದುಹೋಗಿ ಒಮ್ಮೆ ಕೇಳಿ ತಿಳಿಸಬೇಕು. ಅಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಅಕ್ಕ ಕೇಳಿದ್ದಳು, ಆತ ಎರಡು ಸಲ ಬಿಡಿಸಿ ಹೇಳಿಯೂ ಇದ್ದ, ಬರೆದುಕೋ ಎಂದು ಆಕೆ ನನ್ನತ್ತ ತಿರುಗಿಯೂ ಇದ್ದಳು. ಪೆನ್ನು ನನ್ನ ಕೈಯಲ್ಲೇ ಇತ್ತು. ನಾನು ಬಲೆಯ ಅಳತೆ ಬರೆದುಕೊಳ್ಳುತ್ತಿದ್ದೆ.