ಎಂಜಲಾಗದ ಅಪ್‌ಡೇಟ್

"ಈ ಅಪ್‌ಡೇಟ್ ಹಾಕಿದ್ರೆ ಮುಗೀತು! ವೈರಸ್ ಇನ್ನು ನಮ್ಮ ಹೊಸ್ತಿಲು ತುಳಿಯೋ ಹಾಗೇ ಇಲ್ಲ!"

ತುಮಕೂರಿನ ಕಲ್ಯಾಣಮಂಟಪದ ಅಡುಗೆಮನೆಯಲ್ಲಿ ಚಂದ್ರಚೂಡ ಭಟ್ಟರು ಎದೆಯುಬ್ಬಿಸಿ ಸಾರಿದರು. ಅನ್ನದ ಬಾಯ್ಲರು, ಹಪ್ಪಳದ ಬಾಣಲೆ, ಬಡಿಸುವ ಗಾಡಿ, ಬಾಗಿಲು ಎಲ್ಲವನ್ನೂ ಒಂದೇ ನೆಟ್‌ವರ್ಕಿಗೆ ಕಟ್ಟಿದವರು ಅವರು. ಅದನ್ನು ಕಾಯುವ ಆಂಟಿವೈರಸ್ ಬರೆದವರೂ ಅವರೇ. ಹೊಗಳುವವರೂ ಅವರೇ ಆಗಿದ್ದರಿಂದ ಈವರೆಗೆ ದೂರು ಬಂದಿರಲಿಲ್ಲ.

ಹಾರ ಎತ್ತಿ ಹಿಡಿದುಕೊಂಡೇ ಓಡಿಬಂದಳು ಹೈಮವತಿ. ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಅವಳದು. ಸಾಲದ್ದಕ್ಕೆ ಇವತ್ತಿನ ಮದುಮಗಳೂ ಅವಳೇ. ತಾಳಿ ಕಟ್ಟಿ ಆಗಿತ್ತು, ಗಂಡಿನ ಕಡೆಯವರು ಬರಿ ಎಲೆಯ ಮುಂದೆ ಕೂತಿದ್ದರು. ಊಟ ಕೆಟ್ಟರೆ ಆ ಮಾತನ್ನು ಅವಳು ಅತ್ತೆಮನೆಯಲ್ಲಿ ಬದುಕಿಡೀ ಕೇಳಬೇಕು.

"ದೊಡ್ಡಪ್ಪ, ಇವತ್ತು ಬೇಡ. ಹಾಕ್ಲೇಬೇಕು ಅಂದ್ರೆ ಮೊದ್ಲು ಒಂದೇ ಮಿಷನ್‌ಗೆ ಹಾಕಿ ನೋಡಿ."

"ಒಂದು ಉಂಡು ಬಿಟ್ಟಿದ್ದನ್ನ ಮಿಕ್ಕವಕ್ಕೆ ಬಡಿಸ್ಲಾ? ಎಂಜಲು ಕಣೇ! ನೈವೇದ್ಯಕ್ಕೆ ಮುಂಚೆ ಉಪ್ಪು ನೋಡಿದ ವಂಶ ಅಲ್ಲ ನಮ್ದು!"

ಭಟ್ಟರ ಸಾರಿನ ಉಪ್ಪು ದಿನಕ್ಕೊಂದು ಥರ ಇರುವುದೇಕೆಂಬ ಗುಟ್ಟು ಅಲ್ಲಿಗೆ ಬಯಲಾಯಿತು. ಅವರು ಗುಂಡಿ ಒತ್ತಿಯೇಬಿಟ್ಟರು, ಎಲ್ಲಕ್ಕೂ ಒಟ್ಟಿಗೆ.

ವೈರಸ್ಸೆಂದರೆ ತಾನಾಗಿ ಹೆಚ್ಚುವಂಥದ್ದು ಎಂದು ಅವರು ಅಪ್‌ಡೇಟಿಗೆ ಕಲಿಸಿದ್ದರು. ಯಾವುದೆಲ್ಲ ಹೆಚ್ಚಿದರೆ ತಪ್ಪಿಲ್ಲ ಎಂದು ಕಲಿಸಲು ಮರೆತಿದ್ದರು, ಅಷ್ಟೇ. ಅಕ್ಕಿ ಅರಳಿದ್ದೇ ತಡ, "ವೈರಸ್!" ಎಂದು ಕೂಗಿ ಬಾಯ್ಲರು ಬಾಯಿ ಬಿಗಿದುಕೊಂಡಿತು. ಹಪ್ಪಳ ಉಬ್ಬಿತು; ಬಾಣಲೆ ಅದನ್ನು ಕಿಟಕಿಯಾಚೆ ಎಸೆಯಿತು! ಎರಡನೇ ಪಂಕ್ತಿಗೆ ಕಾದು ಸಾಕಾದ ಜನ ನುಗ್ಗಿದಾಗ, ಜನವೂ ಹೆಚ್ಚಿತೆಂದು ಬಡಿಸುವ ಗಾಡಿಗಳು ಅವರನ್ನೂ ಹೊರಗೆ ದಬ್ಬತೊಡಗಿದವು. ಅವರಲ್ಲಿ ಕರೆಯದೆ ಬಂದವರೂ ಇದ್ದರು ನಿಜ, ಆದರೆ ವರನ ಸೋದರಮಾವನೂ ಇದ್ದ.

"ಬೇಲಿನೇ ಎದ್ದು ಹೊಲ ಮೇಯ್ತಿದೆ, ದೊಡ್ಡಪ್ಪ!"

"ಎಷ್ಟು ಚುರುಕು ನೋಡು!" ಎಂದರು ಭಟ್ಟರು, ಕಣ್ಣರಳಿಸಿ.

ಗಲಾಟೆ ತಣಿಸಲು ಪುರೋಹಿತರು ವಧೂವರರನ್ನು ಜೊತೆಯಲ್ಲಿ ನಿಲ್ಲಿಸಿ, ಅಕ್ಷತೆ ಎಸೆದು, "ಸಂತಾನ ವೃದ್ಧಿಯಾಗಲಿ!" ಎಂದು ಗಟ್ಟಿಯಾಗಿ ಹರಸಿದರು. ಗಾಡಿಗಳೆಲ್ಲ ಗಕ್ಕನೆ ತಿರುಗಿದವು. ಹೆಚ್ಚುವವರ ಮೂಲವೇ ಸಿಕ್ಕಿತ್ತು! ಹೈಮವತಿಯನ್ನು ತರಕಾರಿ ಕೋಣೆಗೂ ವರ ಪ್ರದ್ಯುಮ್ನನನ್ನು ಪಾತ್ರೆ ಕೋಣೆಗೂ ನೂಕಿದವು. ಬಾಗಿಲುಗಳು ತಾವಾಗಿ ಬೀಗ ಹಾಕಿಕೊಂಡವು.

ಆಚೆ ಅತ್ತೆಯ ದನಿ ಕೇಳಿಸಿತು: "ಏಳ್ರೀ ಎಲ್ರೂ, ಹೋಟ್ಲಿಗೆ ಹೋಗೋಣ." ಬೂದುಗುಂಬಳದ ಮೇಲೆ ಕೂತು ಹೈಮವತಿ ಗಳಗಳನೆ ಅತ್ತಳು.

ಸ್ವಲ್ಪ ಹೊತ್ತಿಗೆ ಭಟ್ಟರು ಬಾಗಿಲು ತಟ್ಟಿದರು. "ಅಳ್ಬೇಡ ಪುಟ್ಟಿ, ತಪ್ಪು ತಿದ್ದಿ ಹೊಸ ಅಪ್‌ಡೇಟ್ ಮಾಡಿದೀನಿ. ಎರಡೂ ಬಾಗ್ಲಿಗೆ ಹಾಕ್ಬಿಡ್ಲಾ?"

ಹೈಮವತಿ ಕಣ್ಣೊರೆಸಿಕೊಂಡಳು.

"ಮೊದ್ಲು ಅವರ ಬಾಗ್ಲಿಗೆ ಹಾಕಿ, ದೊಡ್ಡಪ್ಪ. ನಾಳೆವರೆಗೂ ಅವರು ಚೆನ್ನಾಗಿದ್ರೆ ಆಮೇಲೆ ನನ್ನದು ನೋಡೋಣ."